ಗಾಳಿ ಬಯಲಿನಲ್ಲಿ ಮನೆಗಾಡಿ

ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ಲಾರಮಿ ದಾಟಿ ಪಶ್ಚಿಮಕ್ಕೆ ಹೊರಟರೆ ಮರವಿಲ್ಲದ ಬಯಲು, ಎಡಗಡೆ ಎಲ್ಕ್ ಪರ್ವತ. 1970ರಲ್ಲಿ ತೆರೆದ ಈ ಹೆದ್ದಾರಿ ಗಾಳಿಗೆ ಹೆಸರುವಾಸಿ. ಗಾಳಿ ತೀರ ಜೋರಾದರೆ ಎತ್ತರದ ಹಗುರ ವಾಹನಗಳನ್ನು ಬಿಡುವುದೇ ಇಲ್ಲ.

ಅಣ್ಣ ಕೊಂಡ ಹಳೆಯ ಮೋಟಾರ್‌ಹೋಮ್, ಅಂದರೆ ಬಸ್ಸಿನಷ್ಟು ಉದ್ದದ ಮನೆಗಾಡಿ, ಲಾರಿ ದಾಟಿದಾಗಲೆಲ್ಲ ಪಕ್ಕಕ್ಕೆ ಸರಿಯುತ್ತಿತ್ತು. ಅಣ್ಣ ಸ್ಟೀರಿಂಗಿನೊಡನೆ ಗುದ್ದಾಡುತ್ತಿದ್ದ. ಹಿಂದೆ ಮಕ್ಕಳ ಮಾತು ನಿಂತೇಹೋಗಿತ್ತು.

ರಾಲಿನ್ಸ್ ತಲುಪಿ, ಲಾರಿ ತೂಗುವ ವೇಬ್ರಿಜ್ಜಿಗೆ ಗಾಡಿ ಹತ್ತಿಸಿದೆವು. ಚೀಟಿ ನೋಡಿದರೆ ಹಿಂದಿನ ಅಚ್ಚಿಗೆ ಮಿತಿಮೀರಿದ ಭಾರ, ಮುಂದಿನದಕ್ಕೆ ತೀರ ಕಡಿಮೆ.

“ಚಿಕ್ಕಪ್ಪ, ಇದು ಸನ್ನೆಕೋಲಿನ ಪಾಠ ಅಲ್ವಾ?” ಅಂದಳು ಅಣ್ಣನ ಮಗಳು.

ನಿಜ. ಹಿಂದಿನ ಚಕ್ರದ ಆಚೆ ತುಂಬಿದ ಸಾಮಾನು ಗಾಡಿಯ ಮೂತಿಯನ್ನು ಮೇಲೆತ್ತುತ್ತದೆ. ನೆಲ ಕಚ್ಚದ ಮುಂದಿನ ಚಕ್ರ ಸ್ಟೀರಿಂಗಿನ ಮಾತು ಕೇಳೀತೆ?

ಸಾಮಾನನ್ನು ಮುಂದಕ್ಕೆ ಸಾಗಿಸಿದೆವು. ಬೆಳಿಗ್ಗೆ ಟೈರು ತಣ್ಣಗಿದ್ದಾಗ ತೂಕಕ್ಕೆ ತಕ್ಕ ಗಾಳಿ ತುಂಬಿಸಿ, ಗ್ಯಾರೇಜಿನಲ್ಲಿ ಅಲೈನ್‌ಮೆಂಟ್ ಮಾಡಿಸಿದೆವು. ಅಣ್ಣ ಕೊಳ್ಳಹೊರಟಿದ್ದ ದುಬಾರಿ ಸ್ಟೀರಿಂಗ್ ಡ್ಯಾಂಪರ್, ಓಲಾಟ ತಡೆಯುವ ಕಂಬಿ ಎಲ್ಲ ಆಮೇಲಿನ ಮಾತು ಎಂದ ಮೆಕ್ಯಾನಿಕ್. ಮೊದಲು ತೂಕ, ನಂತರ ಗಾಳಿ, ಅನಂತರ ಅಲೈನ್‌ಮೆಂಟ್.

ಮುಂದಿನ ದಾರಿಯಲ್ಲೂ ಅದೇ ಗಾಳಿ, ಅಂಥವೇ ಲಾರಿಗಳು. ವೇಗ ತುಸು ತಗ್ಗಿಸಿದ್ದ ಅಣ್ಣನ ಹಿಡಿತ ಮಾತ್ರ ಸಡಿಲವಾಗಿತ್ತು. ಹಿಂದೆ ಮಕ್ಕಳ ಜಗಳ ಮತ್ತೆ ಶುರುವಾಗಿತ್ತು!