ಅಥೆನ್ಸಿನ ಅದೇ ಮೈದಾನ

ಎಂಟುನೂರು ಮೀಟರಿನ ಓಟವು ವಿಚಿತ್ರವಾದುದು. ನೂರು ಮೀಟರಿನವರಂತೆ ಒಂದೇ ಉಸಿರಿಗೆ ಓಡಿ ಮುಗಿಸುವಂತಿಲ್ಲ; ದೂರದ ಓಟಗಾರರಂತೆ ಬಲವನ್ನು ಕೂಡಿಟ್ಟುಕೊಂಡು ಸಾಗುವಂತೆಯೂ ಇಲ್ಲ. 2004ನೆಯ ಇಸವಿಯ ಆಗಸ್ಟ್ 23ರ ರಾತ್ರಿ ನಾವು ಮನೆಮಂದಿಯೆಲ್ಲ ನಿದ್ರೆಗೆಟ್ಟು ದೂರದರ್ಶನದ ಮುಂದೆ ಕುಳಿತು, ಅಥೆನ್ಸಿನ ಒಲಿಂಪಿಕ್ ಪಂದ್ಯಗಳಲ್ಲಿ ಹೆಂಗಸರ ಈ ಓಟವನ್ನು ನೋಡಿದೆವು. ಇಂಗ್ಲೆಂಡಿನ ಕೆಲ್ಲಿ ಹೋಮ್ಸ್ ಮೊದಲು ಹಿಂದೆಯೇ ಉಳಿದಿದ್ದು, ಕೊನೆಗೆ ಮುಂದೆ ಬಂದು ಗೆರೆಯನ್ನು ದಾಟಿದಳು: 1 ನಿಮಿಷ 56.38 ಸೆಕೆಂಡು. ಆದರೆ ಮುಖದಲ್ಲಿ ನಗೆಯಿಲ್ಲ! ಕಣ್ಣುಗಳನ್ನು ಅಗಲಿಸಿ ಬೆರಗಾಗಿಬಿಟ್ಟಳು. “ಗೆದ್ದವಳು ಇವಳೋ, ಮತ್ತೊಬ್ಬಳೋ?” ಎಂದು ನಮ್ಮ ಅಜ್ಜಿಯವರು ಕೇಳಿದರು. ಅದೇ ಸಂಶಯ ಓಡಿದವಳಿಗೂ ಇದ್ದಿತು.

ಮರುದಿನ ಅಜ್ಜಿಯವರಿಗೆ ಆಕೆಯ ಪೂರ್ವಕಥೆಯನ್ನು ಹೇಳಿದೆವು. 1988ರಲ್ಲಿ ಸೈನ್ಯವನ್ನು ಸೇರಿ, ಮೊದಲು ಲಾರಿ ನಡೆಸಿ, ಬಳಿಕ ವ್ಯಾಯಾಮದ ಉಪಾಧ್ಯಾಯಿನಿಯಾದವಳು. 1992ರಲ್ಲಿ ತಾನು ಹಿಂದೆ ಸೋಲಿಸಿದ್ದವಳೊಬ್ಬಳು ಒಲಿಂಪಿಕ್ಕಿನಲ್ಲಿ ಓಡುತ್ತಿರುವುದನ್ನು ನಮ್ಮ ಹಾಗೆಯೇ ಪರದೆಯ ಮೇಲೆ ನೋಡಿ, ಬಿಟ್ಟಿದ್ದ ಓಟಕ್ಕೆ ಮರಳಿದಳು. 1996ರಲ್ಲಿ ಎಲುಬು ಸೀಳಿದ ಕಾಲಿನಿಂದಲೇ ಓಡಿ ನಾಲ್ಕನೆಯವಳಾದಳು. 1997ರಲ್ಲಿ ವಿಶ್ವಸ್ಪರ್ಧೆಗೆಂದು ಅಥೆನ್ಸಿನ ಇದೇ ಮೈದಾನಕ್ಕೆ ಬಂದಾಗ, 1500 ಮೀಟರಿನಲ್ಲಿ ಗೆಲ್ಲತಕ್ಕವಳು ಇವಳೇ ಎಂದು ಬಲ್ಲವರು ಎಣಿಸಿದ್ದರು; ಮೊದಲ ಪಂದ್ಯದಲ್ಲಿಯೇ ಹಿಮ್ಮಡಿಯ ನರಕ್ಕೂ ಮೀನಖಂಡಕ್ಕೂ ಪೆಟ್ಟಾಗಿ ಕುಂಟುತ್ತ ಹಿಂದುಳಿದಳು. ಏಳು ವರ್ಷಗಳ ತರುವಾಯ, 34ನೆಯ ವಯಸ್ಸಿನಲ್ಲಿ, ಅಲ್ಲಿಯೇ ಗೆದ್ದವಳಿಗೆ ತನ್ನ ಕಾಲುಗಳ ಮೇಲೆ ಒಮ್ಮೆಗೇ ನಂಬಿಕೆ ಬಾರದಿದ್ದರೆ ಆಶ್ಚರ್ಯವೇನು?

ಆಗಸ್ಟ್ 28ರಂದು 1500 ಮೀಟರನ್ನೂ 3 ನಿಮಿಷ 57.90 ಸೆಕೆಂಡುಗಳಲ್ಲಿ ಓಡಿ ಗೆದ್ದಳು. ಒಂದೇ ಒಲಿಂಪಿಕ್ಕಿನಲ್ಲಿ ಈ ಎರಡನ್ನೂ ಗೆದ್ದ ಬ್ರಿಟನ್ನಿನವರು, 1920ರ ಆಲ್ಬರ್ಟ್ ಹಿಲ್ಲನನ್ನು ಬಿಟ್ಟರೆ ಈಕೆಯೇ. 2005ರ ಡಿಸೆಂಬರಿನಲ್ಲಿ ಓಟದಿಂದ ನಿವೃತ್ತಳಾದಳು.

ಆ ರಾತ್ರಿ ನಮಗೆ ತಿಳಿಯದಿದ್ದ ಒಂದು ಸಂಗತಿಯನ್ನು ಆಕೆಯೇ ಆಮೇಲೆ ಹೊರಗೆಡಹಿದಳು. 2003ರಲ್ಲಿ, ಪರಸ್ಥಳದಲ್ಲಿ ಅಭ್ಯಾಸ ಮಾಡುತ್ತಿದ್ದಾಗ, ಮತ್ತೆ ಕಾಲು ಕೆಟ್ಟು, ಹತಾಶಳಾಗಿ ತನ್ನ ಮೈಯನ್ನು ತಾನೇ ಗಾಯಗೊಳಿಸಿಕೊಂಡಿದ್ದಳಂತೆ. ಅದೇ ವರ್ಷ ಪ್ಯಾರಿಸಿನಲ್ಲಿ ಬೆಳ್ಳಿಯ ಪದಕವನ್ನು ಪಡೆದವಳೂ ಅವಳೇ! ಇಂಥದನ್ನು ಮುಚ್ಚಿಡುವುದೇ ಮರ್ಯಾದೆಯೆಂದು ಬೆಳೆದ ನಮಗೆ, ಎರಡು ಚಿನ್ನಗಳಿಗಿಂತ ಆಕೆ ಇದನ್ನು ಬಾಯಿಬಿಟ್ಟು ಹೇಳಿದುದೇ ಹೆಚ್ಚೆಂದು ತೋರಿತು.

ಪತ್ರಿಕೆಯಲ್ಲಿ ಬಂದುದನ್ನು ಓದಿ ಹೇಳಿದಾಗ ಅಜ್ಜಿಯವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, “ಆಗ ಆ ಮಗುವಿನ ಬಳಿ ಮನೆಯವರು ಯಾರೂ ಇರಲಿಲ್ಲವೆ?” ಎಂದು ಕೇಳಿದರು.