ದೋಣಿಯ ಸಂಸಾರವೂ ಗಾಳಿಯ ಅಪ್ಪಣೆಯೂ

ಮನೆಯಲ್ಲಿ ಮಕ್ಕಳ ಭೂಪಟವಿದ್ದರೆ ವಾಚಕರು ಅದನ್ನು ಎದುರಿಗಿಟ್ಟುಕೊಂಡು ಈ ಲೇಖನವನ್ನು ಓದುವುದು ಒಳ್ಳೆಯದು. ಉತ್ತರ ಅಮೆರಿಕಕ್ಕೂ ದಕ್ಷಿಣ ಅಮೆರಿಕಕ್ಕೂ ನಡುವೆ, ಅಟ್ಲಾಂಟಿಕ್ ಮಹಾಸಾಗರದ ಪಶ್ಚಿಮದ ಅಂಚಿನಲ್ಲಿ, ಹರಿದ ಮಣಿಸರವೊಂದು ಬಾಗಿ ಬಿದ್ದಂತೆ ಸಣ್ಣ ಸಣ್ಣ ದ್ವೀಪಗಳ ಸಾಲು ಕಾಣುವುದು. ಆ ಸಾಲಿನ ಒಳಮಗ್ಗುಲಿಗೆ ಇರುವುದೇ ಕರೀಬಿಯನ್ ಸಮುದ್ರ. ಇಂಡಿಯಾವನ್ನು ಅರಸಿಕೊಂಡು ಹೊರಟ ಕೊಲಂಬಸನು 1492ರಲ್ಲಿ ಈ ಕಡೆಯ ನೆಲವನ್ನು ಮುಟ್ಟಿ, ತಾನು ಇಂಡಿಯಾದ ಬಳಿಗೇ ಬಂದೆನೆಂದು ತಿಳಿದುದರಿಂದ, ಇವಕ್ಕೆ ವೆಸ್ಟ್ ಇಂಡೀಸ್ ಎಂಬ ಹೆಸರು ನಿಂತುಹೋಯಿತು. ಸಾಲಿನ ದಕ್ಷಿಣದ ಕೊನೆಯಲ್ಲಿ, ಹೆಚ್ಚುಕಡಮೆ ನಮ್ಮ ಮೈಸೂರಿನ ಅಕ್ಷಾಂಶದಲ್ಲಿಯೇ, ಗ್ರೆನೇಡಾ ಎಂಬ ದ್ವೀಪವುಂಟು. ತೆಂಗು, ಬಾಳೆ, ಹಲಸಿನ ಕುಲದ ಜೀಗುಜ್ಜೆ, ಜಾಜಿಕಾಯಿ ಎಲ್ಲವೂ ಅಲ್ಲಿ ಬೆಳೆಯುವುವು. ಜಾಜಿಕಾಯಿಯ ಚಿತ್ರವು ಆ ದೇಶದ ಧ್ವಜದ ಮೇಲೆಯೇ ಇರುವುದು.

ಈ ಸಮುದ್ರದಲ್ಲಿ ಹಾಯಿದೋಣಿಯನ್ನೇ ಮನೆಮಾಡಿಕೊಂಡು ವರ್ಷಗಟ್ಟಲೆ ವಾಸಿಸುವ ಜನರು ಬಹಳವಾಗಿದ್ದಾರೆ. ಅವರು ಮೀನುಗಾರರಲ್ಲ, ವರ್ತಕರೂ ಅಲ್ಲ. ನಾನಾ ದೇಶಗಳ ಗೃಹಸ್ಥರು; ಕೆಲವರು ನಿವೃತ್ತರು, ಕೆಲವರು ಚಿಕ್ಕ ಮಕ್ಕಳನ್ನೂ ಜೊತೆಯಲ್ಲಿಟ್ಟುಕೊಂಡವರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬಹುಕಾಲ ಪರದೇಶದಲ್ಲಿ ಉದ್ಯೋಗಮಾಡಿ, ಕೂಡಿಸಿದ ಹಣದಲ್ಲಿ ಇಂಥ ದೋಣಿಯೊಂದನ್ನು ಕೊಂಡು, ಪತ್ನೀಸಮೇತನಾಗಿ ಅಲ್ಲಿ ಸಂಸಾರ ಹೂಡಿದ್ದಾನೆ. ಅವನ ಒತ್ತಾಯದಿಂದ 2023ರ ಜನವರಿಯಲ್ಲಿ ಮೂರು ವಾರ ಆ ದೋಣಿಯಲ್ಲಿ ಅತಿಥಿಯಾಗಿರುವ ಯೋಗ ನನಗೆ ಒದಗಿತು.

ದೋಣಿಯ ಉದ್ದ 12 ಮೀಟರು. ಅಗಲ 4 ಮೀಟರಿಗೆ ಸ್ವಲ್ಪ ಕಡಮೆ. ಇಷ್ಟರಲ್ಲಿಯೇ ಎರಡು ಮಲಗುವ ಕೋಣೆ, ಅಡುಗೆಯ ಮೂಲೆ, ಊಟದ ಮೇಜು, ಸ್ನಾನದ ಗೂಡು. ನಡುವೆ ಎದ್ದು ನಿಂತ ಕೂವೆಮರಕ್ಕೆ ನಮ್ಮ ಅಮರಕೋಶದಲ್ಲಿ ಗುಣವೃಕ್ಷವೆಂಬ ಹೆಸರಿದೆ. ಗುಣವೆಂದರೆ ಹಗ್ಗ, ಹಗ್ಗಗಳನ್ನೇ ಕೊಂಬೆಗಳಂತೆ ಹೊತ್ತು ನಿಂತ ಆ ಮರವನ್ನು ಕಣ್ಣಾರೆ ಕಂಡಮೇಲೆ, ಮೂವತ್ತು ವರ್ಷ ನಾನು ಹುಡುಗರಿಗೆ ಬಾಯಿಪಾಠ ಮಾಡಿಸಿದ ಶಬ್ದಕ್ಕೆ ಅರ್ಥ ತುಂಬಿಬಂದಂತಾಯಿತು. ಒಲೆಯನ್ನು ತೊಟ್ಟಿಲಿನಂತೆ ತೂಗುಹಾಕಿದ್ದಾರೆ. ದೋಣಿ ಎತ್ತ ವಾಲಿದರೂ ಸಾರಿನ ಪಾತ್ರೆ ಮಟ್ಟಸವಾಗಿಯೇ ನಿಲ್ಲುವುದು. ಉಪ್ಪುನೀರನ್ನು ಸಿಹಿನೀರು ಮಾಡುವ ಸಣ್ಣ ಯಂತ್ರವೊಂದುಂಟು. ಆದರೂ ಮಳೆ ಬಂದರೆ ಮನೆಯಾಕೆ ಮೇಲಿನ ಬಟ್ಟೆಯ ಚಪ್ಪರಕ್ಕೆ ಕೊಳವೆ ಕಟ್ಟಿ ನೀರು ಹಿಡಿಯದೆ ಬಿಡಳು. ಬಿಸಿಲಿನಿಂದ ವಿದ್ಯುತ್ತು, ಗಾಳಿಯಿಂದ ನಡೆ. ಬೇಳೆ, ಅಕ್ಕಿ, ಹುಣಸೆಹಣ್ಣುಗಳನ್ನು ಮೂರು ತಿಂಗಳಿಗೆ ಸಾಲುವಷ್ಟು ಆಸನಗಳ ಕೆಳಗೆ ತುಂಬಿದ್ದರು.

ಇಂಥ ಮನೆಗೆ ಯಜಮಾನನು ಯಾರು? ಗಾಳಿಯೇ ಯಜಮಾನ. ಆ ಕಡಲಿನಲ್ಲಿ ವರ್ಷದ ಹೆಚ್ಚು ಭಾಗ ಪೂರ್ವದಿಂದಲೋ ಈಶಾನ್ಯದಿಂದಲೋ ಒಂದೇ ಸಮನೆ ಗಾಳಿ ಬೀಸುತ್ತಿರುವುದು. ಇದಕ್ಕೆ ವಾಣಿಜ್ಯ ಮಾರುತವೆಂದು ನಮ್ಮ ಭೂಗೋಳದ ಪುಸ್ತಕಗಳು ಹೆಸರಿಟ್ಟಿವೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಅದು ಇನ್ನೂ ಬಲಿತು, ಆಗಾಗ ಹಲವು ದಿನ ಎಡೆಬಿಡದೆ ಬೀಸುವುದು. ಅದನ್ನು ಅಲ್ಲಿಯವರು ಕ್ರಿಸ್ಮಸ್ ಗಾಳಿಯೆನ್ನುವರು. ಹಾಯಿದೋಣಿಯು ಗಾಳಿಗೆ ನೇರವಾಗಿ ಎದುರು ಹೋಗಲಾರದು. ಓರೆಯೋರೆಯಾಗಿ, ಅಂಕುಡೊಂಕಾಗಿ ಸಾಗಬೇಕು. ಒಳ್ಳೆಯ ಗಾಳಿಯಲ್ಲಿಯೂ ಅದರ ವೇಗ ಗಂಟೆಗೆ 10 ಕಿಲೋಮೀಟರಿನಷ್ಟು ಮಾತ್ರ. ಬೈಸಿಕಲ್ಲಿನವನು ಅದನ್ನು ಹಿಂದೆ ಹಾಕುವನು. ಆದಕಾರಣ ಬಿರುಗಾಳಿಯ ಸುದ್ದಿ ಬಂದಮೇಲೆ ಓಡಿ ತಪ್ಪಿಸಿಕೊಳ್ಳುವೆನೆಂಬ ಮಾತು ಅಲ್ಲಿ ನಡೆಯದು; ಮೊದಲೇ ಹೊರಡಬೇಕು.

ನಾವು ಹಾಕಿಕೊಂಡಿದ್ದ ಯೋಜನೆ ಹೀಗಿತ್ತು: ಗ್ರೆನೇಡಾದಿಂದ ಉತ್ತರಕ್ಕೆ ಸುಮಾರು 50 ಕಿಲೋಮೀಟರು ದೂರದ ಕ್ಯಾರಿಯಾಕೂ ದ್ವೀಪ, ಅಲ್ಲಿಂದ ಬೆಕ್ವಿಯಾ, ಅಲ್ಲಿಂದ ಸೇಂಟ್ ಲೂಸಿಯಾ. ಸೇಂಟ್ ಲೂಸಿಯಾದಲ್ಲಿ ಪಿಟನ್‌ಗಳೆಂಬ ಎರಡು ಶಿಖರಗಳು ಕಡಲಿನಿಂದಲೇ ನೆಟ್ಟಗೆ ಎದ್ದು ನಿಂತಿರುವುವಂತೆ. ಅವನ್ನು ನೋಡಬೇಕೆಂಬುದು ನನ್ನ ಮುಖ್ಯ ಆಸೆ. ಕ್ಯಾರಿಯಾಕೂವನ್ನು ಸೇರಿದೆವು. ದಾರಿಯಲ್ಲಿ ಕಿಕ್-ಎಮ್-ಜೆನ್ನಿ ಎಂಬ ಅಗ್ನಿಪರ್ವತವು ನೀರಿನ ಅಡಿಯಲ್ಲಿಯೇ ಇದೆ. 1939ರಲ್ಲಿ ಅದು ಸಮುದ್ರವನ್ನು ಸೀಳಿ ಬೂದಿ ಕಾರಿತು. ಅದು ಶಾಂತವಾಗಿರುವಾಗ ದೋಣಿಗಳು 1.5 ಕಿಲೋಮೀಟರು ದೂರದಲ್ಲಿ ಬಳಸಿ ಹೋಗತಕ್ಕದ್ದು; ಅಲುಗಾಟ ಹೆಚ್ಚಾದರೆ ಆ ದೂರ 5 ಕಿಲೋಮೀಟರಾಗುವುದು. ಹೀಗೆ ಹೊರಡುವ ದಿನ ಬೆಳಗ್ಗೆ ನೆಲದಡಿಯ ಬೆಂಕಿಯ ಸಮಾಚಾರವನ್ನೂ ವಿಚಾರಿಸಿಯೇ ದಾರಿಯನ್ನು ಗೊತ್ತುಮಾಡಿದ್ದಾಯಿತು.

ಕ್ಯಾರಿಯಾಕೂವಿನ ಟಿರಲ್ ಬೇ ಎಂಬ ಕೊಲ್ಲಿಯಲ್ಲಿ ಲಂಗರು ಹಾಕಿದ ರಾತ್ರಿಯೇ ಕ್ರಿಸ್ಮಸ್ ಗಾಳಿ ಎದ್ದಿತು. ಒಂದು ದಿನ ಕಾದೆವು. ಎರಡು ದಿನ ಕಾದೆವು. ಹಾಯಿಯ ಹಗ್ಗಗಳು ಕೂವೆಮರಕ್ಕೆ ಬಡಿದು ಹಗಲಿರುಳೂ ಟಕಟಕನೆ ಸದ್ದು. ಮೂರನೆಯ ದಿನ ನಾನು, “ಯಾವಾಗ ಹೊರಡುವುದಪ್ಪಾ?” ಎಂದು ಕೇಳಿದೆನು.

“ಗುರುಗಳೇ, ದೋಣಿಯವರಲ್ಲಿ ಒಂದು ಮಾತುಂಟು. ದಿನ ಹೇಳಿದರೆ ಸ್ಥಳ ಕೇಳಬಾರದು, ಸ್ಥಳ ಹೇಳಿದರೆ ದಿನ ಕೇಳಬಾರದು,” ಎಂದನು.

ಇದು ನನ್ನ ಮನಸ್ಸಿನಲ್ಲಿ ಉಳಿಯಿತು. ನಮ್ಮಲ್ಲಿ ಯಾವ ಕರ್ಮಕ್ಕಾದರೂ ಮೊದಲು ಸಂಕಲ್ಪ ಮಾಡುವೆವು. ಇಂಥ ದೇಶದಲ್ಲಿ, ಇಂಥ ತಿಥಿಯಲ್ಲಿ ಎಂದು ಹೇಳಿ, ಆ ಬಳಿಕವೇ ಮಾಡತಕ್ಕ ಕಾರ್ಯವನ್ನು ಹೇಳುವುದು ಕ್ರಮ. ದೇಶಕಾಲಗಳು ಬೇರೆಯಾದರೆ ಹಳೆಯ ಸಂಕಲ್ಪ ಸಲ್ಲದು. ಹೊಸದಾಗಿ ನೀರು ಬಿಟ್ಟು ಹೇಳಬೇಕು. ನನ್ನ ವಿದ್ಯಾರ್ಥಿಯು ಮಾಡುತ್ತಿದ್ದುದೂ ಇದೇ. ಅವನು ದೋಣಿಯ ದಿನಚರಿಯ ಪುಸ್ತಕದಲ್ಲಿ ಮುಂದಿನ ಪ್ರಯಾಣವನ್ನು ಪೆನ್ಸಿಲಿನಿಂದ ಬರೆಯುವನು. ನಡೆದುಹೋದ ಪ್ರಯಾಣವನ್ನು ಮಾತ್ರ ಶಾಯಿಯಿಂದ. ಪ್ರತಿದಿನ ಬೆಳಗ್ಗೆ ವಾಯುಭಾರಮಾಪಕವನ್ನು ನೋಡಿ, ಹವಾಮಾನದ ವರ್ತಮಾನ ಕೇಳಿ, ಪೆನ್ಸಿಲಿನ ಬರಹವನ್ನು ಉಳಿಸುವುದೋ ಅಳಿಸುವುದೋ ಎಂದು ದಂಪತಿಗಳಿಬ್ಬರೂ ಆಲೋಚಿಸುವರು. ಒಬ್ಬರಿಗೆ ಮನಸ್ಸು ಒಪ್ಪದಿದ್ದರೂ ಹೊರಡಕೂಡದೆಂಬುದು ಅವರ ನಿಯಮ. ಅಳಿಸುವ ಕೆಲಸವೂ ಸುಲಭವಲ್ಲ. ಅಲ್ಲಿಯ ದ್ವೀಪಗಳು ಬೇರೆ ಬೇರೆ ರಾಜ್ಯಗಳಿಗೆ ಸೇರಿದುವು; ಒಳಬರುವಾಗ ಹಳದಿ ಬಾವುಟ ಏರಿಸಬೇಕು, ಸುಂಕದ ಕಟ್ಟೆಯಲ್ಲಿ ಕಾಗದ ತೋರಿಸಬೇಕು, ಹೊರಡುವಾಗ ಮುಂದಿನ ಬಂದರನ್ನು ಬರೆದುಕೊಡಬೇಕು.

ಆರನೆಯ ದಿನ ಪೆನ್ಸಿಲಿನ ಗೆರೆ ಅಳಿಸಿತು, ಗ್ರೆನೇಡಾಕ್ಕೆ ಹಿಂದಿರುಗಿದೆವು. ಪಿಟನ್ ಶಿಖರಗಳು ನನಗೆ ಚಿತ್ರದಲ್ಲಿಯೇ ಉಳಿದುವು. ಅದಕ್ಕೆ ಬದಲಾಗಿ ಗೂಯಾವ್ ಎಂಬ ಊರಿನಲ್ಲಿ ಜಾಜಿಕಾಯಿಯ ಮಂಡಿಯನ್ನು ಕಂಡೆನು. ಹೆಂಗಸರು ಸಾಲಾಗಿ ಕುಳಿತು ಕಾಯಿಗಳನ್ನು ಕೈಯಿಂದಲೇ ಆರಿಸುತ್ತಿದ್ದರು. ಬೀದಿಯ ಅಂಗಡಿಯಲ್ಲಿ ಕಡಲೆಯ ಪಲ್ಯ ಸುತ್ತಿದ ರೊಟ್ಟಿಯನ್ನು ತಿಂದೆನು. ಅದರ ಹೆಸರೂ ಅಲ್ಲಿ ರೊಟಿಯೇ. 1857ರಲ್ಲಿ ಮೇಡ್‌ಸ್ಟೋನ್ ಎಂಬ ಹಡಗಿನಲ್ಲಿ ಕರಾರಿನ ಕೂಲಿಗಳಾಗಿ ಆ ದ್ವೀಪಕ್ಕೆ ಬಂದಿಳಿದ ನಮ್ಮ ದೇಶದವರು, ಎಲ್ಲವನ್ನೂ ಕಳೆದುಕೊಂಡರೂ ಈ ಒಂದು ಹೆಸರನ್ನು ಉಳಿಸಿಕೊಂಡಿದ್ದಾರೆ.

ಗಾಳಿಯು ಆರು ದಿನ ತಡೆದರೆ ನಷ್ಟವೇನೂ ಇಲ್ಲ. ಆದರೆ ಜೂನ್ 1ರಿಂದ ನವೆಂಬರ್ 30ರವರೆಗೆ ಅಲ್ಲಿ ಚಂಡಮಾರುತದ ಕಾಲ. ಹರಿಕೇನ್ ಎಂಬ ಶಬ್ದವೇ ಆ ದ್ವೀಪಗಳ ಮೂಲನಿವಾಸಿಗಳ ಮಾತಿನಿಂದ ಬಂದುದು. ನಮ್ಮ ಯತಿಗಳು ಮಳೆಗಾಲದಲ್ಲಿ ಸಂಚಾರ ನಿಲ್ಲಿಸಿ ಒಂದೆಡೆ ಚಾತುರ್ಮಾಸ್ಯಕ್ಕೆ ಕೂಡುವಂತೆ, ದೋಣಿಯವರೂ ಆ ಕಾಲದಲ್ಲಿ ಸುರಕ್ಷಿತವಾದ ಸ್ಥಳವನ್ನು ಹಿಡಿದು ಕೂಡುವರು. ನಮ್ಮ ಕರಾವಳಿಯಲ್ಲಿಯೂ ಜೂನ್, ಜುಲೈ ತಿಂಗಳುಗಳಲ್ಲಿ ಯಂತ್ರದ ದೋಣಿಗಳು ಮೀನಿಗೆ ಇಳಿಯಕೂಡದೆಂಬ ಕಟ್ಟಳೆಯುಂಟಷ್ಟೆ.

ಈ ವಿಷಯದಲ್ಲಿ ಹಟ ಹಿಡಿದರೆ ಏನಾಗುವುದೆಂಬುದಕ್ಕೆ 1502ರ ಕಥೆಯೇ ಸಾಕು. ಆ ವರ್ಷ ಜೂನ್ ತಿಂಗಳ ಕೊನೆಯಲ್ಲಿ ಕೊಲಂಬಸನು ನಾಲ್ಕು ಹಡಗುಗಳೊಡನೆ ಸಾಂಟೊ ಡೊಮಿಂಗೊ ಬಂದರಿನ ಮುಂದೆ ನಿಂತು, ಬಿರುಗಾಳಿ ಬರುವ ಲಕ್ಷಣ ಕಾಣುತ್ತಿದೆ, ಆಶ್ರಯ ಕೊಡಿರಿ ಎಂದು ಬೇಡಿದನು. ಸ್ಪೇನಿಗೆ ಹೊರಟು ನಿಂತಿದ್ದ ದೊಡ್ಡ ನೌಕಾಸಮೂಹವನ್ನು ತಡೆಯಿರೆಂದೂ ಎಚ್ಚರಿಸಿದನು. ಅಧಿಪತಿಯಾದ ಒವಾಂಡೊ ಎರಡನ್ನೂ ಲೆಕ್ಕಿಸಲಿಲ್ಲ. ಸುಮಾರು 30 ಹಡಗುಗಳು ಗೊತ್ತಾದ ದಿನವೇ ಹೊರಟುವು. 20ಕ್ಕೂ ಹೆಚ್ಚು ಮುಳುಗಿದುವು. ಸುಮಾರು 500 ಜನರು ಸತ್ತರು. ಕೊಲಂಬಸನು ಬೇರೊಂದು ಮರೆಯನ್ನು ಹುಡುಕಿಕೊಂಡು ತನ್ನ ನಾಲ್ಕು ಹಡಗುಗಳನ್ನೂ ಉಳಿಸಿಕೊಂಡನು.

ಗ್ರೆನೇಡಾವು ಬಹಳ ದಕ್ಷಿಣಕ್ಕಿರುವುದರಿಂದ ಚಂಡಮಾರುತಗಳು ಅಲ್ಲಿಗೆ ಬರುವುದು ಅಪೂರ್ವ. 1955ರಲ್ಲಿ ಜಾನೆಟ್ ಎಂಬುದು ಬಡಿದ ಮೇಲೆ ಅರ್ಧ ಶತಮಾನದಷ್ಟು ಕಾಲ ದೊಡ್ಡ ಹೊಡೆತ ಬೀಳಲಿಲ್ಲ. ಆದುದರಿಂದ ದೋಣಿಯವರೆಲ್ಲ ಅಲ್ಲಿಗೇ ಬಂದು ಸೇರುವ ವಾಡಿಕೆಯಾಯಿತು; ಹಲವು ವಿಮಾ ಕಂಪನಿಗಳು ಇಂಥ ಅಕ್ಷಾಂಶದಿಂದ ಕೆಳಗಿರಬೇಕೆಂದು ಷರತ್ತು ಹಾಕುವುದೂ ಉಂಟು. ಆದರೆ 2004ರ ಸೆಪ್ಟೆಂಬರ್ 7ರಂದು ಐವನ್ ಬಂದಿತು. 39 ಜನ ಮಡಿದರು. ದ್ವೀಪದ ಮನೆಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಜಖಂಗೊಂಡುವು. ಜಾಜಿಕಾಯಿಯ ತೋಟಗಳು ನೆಲಕ್ಕೊರಗಿದುವು. ಆ ಗಿಡ ಫಲ ಕೊಡಲು ಏಳೆಂಟು ವರ್ಷ ಬೇಕಾದುದರಿಂದ, ಒಂದು ದಿನದ ಗಾಳಿ ಒಂದು ತಲೆಮಾರಿನ ಬಾಳನ್ನು ಕದಡಿತು.

ಇಪ್ಪತ್ತು ವರ್ಷಗಳ ತರುವಾಯ, 2024ರ ಜೂನ್ ಕೊನೆಯಲ್ಲಿ, ನನ್ನ ವಿದ್ಯಾರ್ಥಿಯ ಪೆನ್ಸಿಲಿಗೆ ನಿಜವಾದ ಪರೀಕ್ಷೆ ಬಂದಿತು. ಉತ್ತರ ಕನ್ನಡದ ಕಡಲತೀರದ ಊರಿನಲ್ಲಿ ಅವನ ತಂದೆಯವರಿಗೆ ಸಹಸ್ರಚಂದ್ರದರ್ಶನದ ಶಾಂತಿ ನಿಶ್ಚಯವಾಗಿತ್ತು. ಆಷಾಢವು ಜುಲೈ 6ರಂದು ಕಾಲಿಡುವುದಾದುದರಿಂದ ಅದಕ್ಕೆ ಮುಂಚೆಯೇ ನಡೆಯಬೇಕು. ಇವನೊಬ್ಬನೇ ಮಗ. ದೋಣಿಯನ್ನು ಟಿರಲ್ ಬೇಯ ಕಾಂಡ್ಲಾ ಕಾಡಿನ ನಡುವೆ ಬೇರುಗಳಿಗೆ ಬಿಗಿದು ಕಟ್ಟಿ, ಜೂನ್ 30ರಂದು ಗ್ರೆನೇಡಾದಿಂದ ವಿಮಾನ ಹತ್ತುವ ಏರ್ಪಾಡು, ಟಿಕೇಟೂ ಕೊಂಡಾಗಿತ್ತು. ಜೂನ್ 28ರಂದು ದೂರದ ಅಟ್ಲಾಂಟಿಕ್‌ನಲ್ಲಿ ಗಾಳಿಯೊಂದು ಸುಳಿಗೊಂಡಿತು; ಮರುದಿನಕ್ಕೆ ಅದು ಬೆರಿಲ್ ಎಂಬ ಚಂಡಮಾರುತವಾಯಿತು. ಅದರ ದಾರಿ ಈ ದ್ವೀಪಗಳ ಕಡೆಗೇ ಇತ್ತು.

ಮಗನು ತಂದೆಗೆ ದೂರವಾಣಿಯಲ್ಲಿ ವಿಷಯ ತಿಳಿಸಿದಾಗ ನಾನು ಆ ಮನೆಯಲ್ಲಿಯೇ ಕುಳಿತಿದ್ದೆನು. ಕಟ್ಟಿದ ಹಗ್ಗಗಳನ್ನು ಹಾಗೆಯೇ ನಂಬಿ ಬಂದುಬಿಡಬಹುದೇ, ಅಥವಾ ಬಿಚ್ಚಿಕೊಂಡು ದಕ್ಷಿಣಕ್ಕೆ ಟ್ರಿನಿಡಾಡಿಗೆ ಹೋಗುವುದೇ ಎಂದು ಅವನ ಗಂಟಲು ಕಟ್ಟಿತ್ತು. ತಂದೆಯವರು ತಡಮಾಡಲಿಲ್ಲ. “ಮನೆಗೆ ಬೆಂಕಿ ಬೀಳುವ ಹೊತ್ತಿನಲ್ಲಿ ಊಟಕ್ಕೆ ಬಾ ಎಂದು ಕರೆಯುವವರುಂಟೇ? ಮೊದಲು ನಿನ್ನ ಹೆಂಡತಿಯನ್ನೂ ಮನೆಯನ್ನೂ ದಡ ಸೇರಿಸು,” ಎಂದರು. ಫೋನನ್ನು ಕೆಳಗಿಟ್ಟು ಬಹಳ ಹೊತ್ತು ಅಂಗಳವನ್ನೇ ನೋಡುತ್ತಿದ್ದರು.

29ರಂದು ಗಂಡಹೆಂಡಿರು ಹಗ್ಗ ಬಿಚ್ಚಿ ಹಾಯಿ ಏರಿಸಿದರು. ಸುಮಾರು 200 ಕಿಲೋಮೀಟರು. ಇಪ್ಪತ್ತು ಗಂಟೆಗಳ ದಾರಿ. ಮರುದಿನ ಟ್ರಿನಿಡಾಡಿನ ಚಾಗ್ವಾರಾಮಸ್ ಸೇರಿದರು. ಜುಲೈ 1ರಂದು ಬೆರಿಲ್ ನಾಲ್ಕನೆಯ ದರ್ಜೆಯ ಚಂಡಮಾರುತವಾಗಿ ಕ್ಯಾರಿಯಾಕೂವಿನ ಮೇಲೆಯೇ ಹಾದುಹೋಯಿತು. ಒಂದು ದಿನ ಕಳೆಯುವಷ್ಟರಲ್ಲಿ ಐದನೆಯ ದರ್ಜೆಗೆ ಏರಿತು. ವರ್ಷದಲ್ಲಿ ಇಷ್ಟು ಬೇಗ ಅಷ್ಟು ಬಲ ಪಡೆದ ಚಂಡಮಾರುತವು ಅಟ್ಲಾಂಟಿಕ್‌ನ ದಾಖಲೆಗಳಲ್ಲಿ ಹಿಂದೆ ಇರಲಿಲ್ಲ. ಕ್ಯಾರಿಯಾಕೂವಿನ ಬಹುತೇಕ ಮನೆಗಳ ಮಾಡು ಹಾರಿತು. ಕಾಂಡ್ಲಾ ಗಿಡಗಳ ಮರೆಯಲ್ಲಿ ಕಟ್ಟಿದ್ದ ಅನೇಕ ದೋಣಿಗಳು ಒಂದರ ಮೇಲೊಂದು ಬಿದ್ದು ಒಡೆದುವು. ದೋಣಿಯನ್ನು ಕಳೆದುಕೊಂಡವರೇನು ಅವಿವೇಕಿಗಳಲ್ಲ. ಬಲ್ಲವರು ಒಳ್ಳೆಯದೆಂದ ಸ್ಥಳದಲ್ಲಿಯೇ ಕಟ್ಟಿದ್ದರು. ಈ ಸಲ ಗಾಳಿಯು ಆ ಸ್ಥಳವನ್ನು ಒಪ್ಪಲಿಲ್ಲ.

ಶಾಂತಿಕರ್ಮವು ಮಗನಿಲ್ಲದೆಯೇ ನಡೆಯಿತು. ಅವನು ಟ್ರಿನಿಡಾಡಿನ ಕಟ್ಟೆಯ ಮೇಲೆ ದೋಣಿಯನ್ನೇರಿಸಿ ನಿಲ್ಲಿಸಿ, ಆಗಸ್ಟಿನಲ್ಲಿ ಊರಿಗೆ ಬಂದನು. 19ರಂದು ನೂಲ ಹುಣ್ಣಿಮೆ. ಬೆಸ್ತರು ಕಡಲಿಗೆ ತೆಂಗಿನಕಾಯಿ ಅರ್ಪಿಸುವ ದಿನ. ತಂದೆಯವರು ಹೊಸ ಜನಿವಾರ ಧರಿಸಿ, ಸಂಜೆ ಮಗನ ತೋಳು ಹಿಡಿದು ತೀರಕ್ಕೆ ನಡೆದರು, ನಾನೂ ಜೊತೆಯಲ್ಲಿದ್ದೆನು. ಮೋಡ ಸರಿದು ಚಂದ್ರನು ಸ್ವಲ್ಪ ಹೊತ್ತು ಕಾಣಿಸಿದನು. ಮಗನು ಮೆಲ್ಲನೆ, “ಆ ದಿನಕ್ಕೆ ಬರಲಾಗಲಿಲ್ಲವಲ್ಲ, ಅಪ್ಪಯ್ಯಾ,” ಎಂದನು.

“ಸಾವಿರ ಹುಣ್ಣಿಮೆ ಕಂಡವನಿಗೆ ಇದೊಂದು ಮೇಲುಲಾಭ. ಕಾಯಿಯನ್ನು ನೀನೇ ಬಿಡು,” ಎಂದು ಅವರು ತೆಂಗಿನಕಾಯಿಯನ್ನು ಅವನ ಕೈಗೆ ಕೊಟ್ಟರು.