ದೂರದ ಕಣಿವೆಯಲ್ಲಿ ವಿಷ್ಣುವಿನ ಗುಡಿ

ಅಮೆರಿಕಾದಲ್ಲಿ ಉದ್ಯೋಗದಲ್ಲಿರುವ ನಮ್ಮ ಚಿರಂಜೀವಿಯು ಕಳೆದ ಚೈತ್ರಮಾಸದಲ್ಲಿ ನಮ್ಮಿಬ್ಬರನ್ನೂ ಆ ದೇಶದ ಪಶ್ಚಿಮಭಾಗದ ಮರುಭೂಮಿಗೆ ಯಾತ್ರೆ ಕರೆದೊಯ್ದನು. ಅಲ್ಲಿಯವರು ಆರ್‌ವಿ ಎಂದು ಕರೆಯುವ ಬಾಡಿಗೆಯ ಬಂಡಿಯೇ ನಮಗೆ ವಾಹನವೂ ಬಿಡಾರವೂ ಆಯಿತು. ಮಲಗಲು ಮಂಚ, ಅಡಿಗೆಗೆ ಒಲೆ, ನೀರಿನ ತೊಟ್ಟಿ, ಸ್ನಾನದ ಕೋಣೆ ಎಲ್ಲವೂ ಅದರೊಳಗುಂಟು. ತನ್ನ ಒಲೆಯೂ ಸಾರಿನ ಪುಡಿಯೂ ಜೊತೆಯಲ್ಲಿಯೇ ಬರುವುವೆಂದು ತಿಳಿದ ಮೇಲೆ ನನ್ನ ಗೃಹಿಣಿಯು ಪ್ರಯಾಣಕ್ಕೆ ಬೇರೆ ಆಕ್ಷೇಪವನ್ನೆತ್ತಲಿಲ್ಲ.

ಲಾಸ್ ವೇಗಾಸ್ ನಗರದಿಂದ ಹೊರಟು ಮೊದಲು ಯೂಟಾ ಸಂಸ್ಥಾನದ ಜಯಾನ್ ಕಣಿವೆಯನ್ನು ಸೇರಿದೆವು. ವರ್ಜಿನ್ ಎಂಬ ಸಣ್ಣ ನದಿಯೊಂದು ಕೆಂಪು ಮರಳುಗಲ್ಲನ್ನು ಕೊರೆದು, ಎರಡು ಪಕ್ಕಗಳಲ್ಲಿಯೂ ಆಕಾಶವನ್ನು ಮುಟ್ಟುವಂಥ ಗೋಡೆಗಳನ್ನು ನಿಲ್ಲಿಸಿದೆ. ಜಯಾನ್ ಎಂಬುದು ಬೈಬಲ್ಲಿನ ಹೆಸರು. ಅಲ್ಲಿ ನೆಲೆಸಿದ ಮಾರ್ಮನ್ ಪಂಥದವರು ಇಟ್ಟದ್ದು. 1909ರಲ್ಲಿ ಸರ್ಕಾರವು ಈ ಕಣಿವೆಯನ್ನು ರಕ್ಷಣೆಗೆ ತೆಗೆದುಕೊಂಡಾಗ ಪಾಯೂಟ್ ಜನರ ಮಾತಿನಿಂದ ಬಂದ ಮುಕುಂಟುವೀಪ್ ಎಂಬ ಹೆಸರನ್ನಿಟ್ಟಿದ್ದಿತು. 1918ರಲ್ಲಿ ಅದನ್ನು ತೆಗೆದು ಜಯಾನ್ ಎಂದರು. ಮರುವರ್ಷವೇ ಅದು ರಾಷ್ಟ್ರೀಯ ಉದ್ಯಾನವಾಯಿತು. ಈ ಸಂಗತಿಯನ್ನು ಓದಿ ಮುಂದೆ ಸಾಗಿದೆನಾದರೂ, ಅದು ಮನಸ್ಸಿನ ಒಂದು ಮೂಲೆಯಲ್ಲಿ ಉಳಿಯಿತು.

ಅಲ್ಲಿಂದ ಅರಿಜೋನಾ ಸಂಸ್ಥಾನದ ಗ್ರಾಂಡ್ ಕ್ಯಾನಿಯನ್ನಿಗೆ ಬಂದೆವು. ಕೊಲರಾಡೋ ನದಿಯು ಕಡೆದ ಈ ಮಹಾಕಂದರದ ಉದ್ದ ಸುಮಾರು 446 ಕಿಲೋಮೀಟರು. ಆಳ ಒಂದು ಮೈಲಿಗೂ ಮಿಗಿಲು. ತಳದ ಬಂಡೆಗಳ ವಯಸ್ಸು 170 ಕೋಟಿ ವರ್ಷಗಳಿಗೂ ಹೆಚ್ಚೆಂದು ಭೂವಿಜ್ಞಾನಿಗಳ ಗಣನೆ. ಕಲ್ಪ, ಮನ್ವಂತರಗಳ ಲೆಕ್ಕವನ್ನು ಬಾಲ್ಯದಲ್ಲಿ ಬಾಯಿಪಾಠ ಮಾಡಿದವನಿಗೂ ಕಾಲವನ್ನು ಹೀಗೆ ಪದರ ಪದರವಾಗಿ ಕಣ್ಣೆದುರು ಕಾಣುವುದು ಬೇರೆಯೇ ಅನುಭವ.

ದಕ್ಷಿಣದ ಅಂಚಿನಲ್ಲಿ ನಿಂತಿರಲು ಚಿರಂಜೀವಿಯು ಗೋಪುರದಂತೆ ಮೆಟ್ಟಿಲು ಮೆಟ್ಟಿಲಾಗಿ ಏರಿದ ಶಿಖರವೊಂದನ್ನು ತೋರಿಸಿ, "ಅಮ್ಮ, ಅದರ ಹೆಸರು ವಿಷ್ಣು ಟೆಂಪಲ್" ಎಂದನು. ಆಕೆ ಒಡನೆಯೇ ಕೈಮುಗಿದಳು. "ಅದು ಬರೀ ಬಂಡೆಯಮ್ಮ, ಒಳಗೆ ಏನೂ ಇಲ್ಲ" ಎಂದು ಅವನು ನಕ್ಕನು. "ಬಂಡೆಯಲ್ಲಿ ಅವನಿಲ್ಲವೆಂದು ನಿನಗೆ ಹೇಳಿದವರಾರು?" ಎಂದು ಆಕೆ ಕೇಳಿದಳು. ಎಂಟು ವರ್ಷದ ಮೊಮ್ಮಗಳು ಮಾತ್ರ ನನ್ನ ಕಡೆಗೆ ತಿರುಗಿ, "ತಾತ, ಈ ಹೆಸರು ಇಡುವುದಕ್ಕೆ ಮೊದಲು ಅದನ್ನು ಏನೆಂದು ಕರೆಯುತ್ತಿದ್ದರು?" ಎಂದಳು.

ಆ ಹೆಸರನ್ನಿಟ್ಟವನು ಕ್ಲಾರೆನ್ಸ್ ಡಟನ್ ಎಂಬ ಸೈನ್ಯಾಧಿಕಾರಿ, ಭೂವಿಜ್ಞಾನಿ. ಈ ಕಂದರವನ್ನು ಕುರಿತ ಅವನ ಗ್ರಂಥವು 1882ರಲ್ಲಿ ಪ್ರಕಟವಾಯಿತು. ಶಿಖರಗಳಲ್ಲಿ ಅವನಿಗೆ ಪೂರ್ವದೇಶಗಳ ದೇವಾಲಯಗಳ ರೂಪ ಕಂಡಿತು. ಬ್ರಹ್ಮ, ಶಿವ, ಬುದ್ಧರ ಹೆಸರಿನ ಶಿಖರಗಳೂ ಅಲ್ಲಿವೆ. ಹೆಸರಿಟ್ಟವನಲ್ಲಿ ತಿರಸ್ಕಾರವಿರಲಿಲ್ಲ, ಸೌಂದರ್ಯಪ್ರೀತಿಯಿದ್ದಿತು. ಆದರೆ ಅದೇ 1882ರಲ್ಲಿ, ತಲೆತಲಾಂತರಗಳಿಂದ ಆ ಕಂದರದಲ್ಲಿ ಬಾಳಿದ ಹವಸುಪಾಯಿ ಜನರನ್ನು 518 ಎಕರೆಯಷ್ಟು ಸಣ್ಣ ನೆಲಕ್ಕೆ ಕಟ್ಟಿಹಾಕಿದರು. ಹಸುರು ನೀಲಿ ನೀರಿನ ಜನರೆಂಬುದು ಆ ಹೆಸರಿನ ಅರ್ಥ. ಬೆಟ್ಟಗಳಿಗೆ ದೂರದ ದೇವರುಗಳ ಹೆಸರು ದೊರೆಯಿತು. ಅವುಗಳ ನೆರಳಿನಲ್ಲಿ ಬೆಳೆದವರಿಗೆ ನೆಲ ತಪ್ಪಿತು. 1975ರಲ್ಲಿ ಕಾನೂನಿನ ಮೂಲಕ ಸುಮಾರು 1,85,000 ಎಕರೆ ಮರಳಿ ಬಂದಿತು. ಅವರನ್ನು ಎಬ್ಬಿಸಿ ಕಳುಹಿಸಿದ, ಇಂಡಿಯನ್ ಗಾರ್ಡನ್ ಎಂದು ಕರೆಯಲಾಗುತ್ತಿದ್ದ ತಾಣಕ್ಕೆ 2022ರಲ್ಲಿ ಹವಸುಪಾಯಿ ಗಾರ್ಡನ್ಸ್ ಎಂದು ಹೆಸರಾಯಿತು.

ನಮ್ಮಲ್ಲಿ ಶಿಶುವಿನ ಕಿವಿಯಲ್ಲಿ ಹೆಸರನ್ನು ಉಸುರುವವರು ಮನೆಯವರು, ಆ ಮಗುವನ್ನು ಸಾಕಿ ಸಲಹತಕ್ಕವರು. ಪೋಷಣೆಯ ಹೊಣೆಯೂ ಹೆಸರಿಡುವ ಹಕ್ಕೂ ಅಲ್ಲಿ ಒಂದೇ ತೊಟ್ಟಿಲ ಬಳಿ ಕೂಡುತ್ತವೆ. ಹಾದುಹೋಗುವ ಅತಿಥಿಯು ಎಷ್ಟೇ ಸೊಗಸಾದ ಹೆಸರನ್ನು ಸೂಚಿಸಲಿ, ತಾಯಿಯ ಬಾಯಲ್ಲಿದ್ದ ಹೆಸರನ್ನು ಮರೆಸುವ ಅಧಿಕಾರ ಅವನಿಗಿಲ್ಲ.

ಊರಿಗೆ ಮರಳಿದ ಮೇಲೆ ಈ ಕಥೆಯನ್ನು ಕೇಳಿದ ಮಿತ್ರರು, "ನಮ್ಮ ವಿಷ್ಣು ಅಮೆರಿಕಾವನ್ನೂ ಗೆದ್ದನು" ಎಂದು ಹಿಗ್ಗಿದರು. ಪಾಠಶಾಲೆಯಲ್ಲಿ ನಮ್ಮ ಗುರುಗಳು ಆ ನಾಮಕ್ಕೆ ಹೇಳಿಕೊಟ್ಟ ಅರ್ಥ ವ್ಯಾಪಿಸಿರುವವನೆಂದು. ವ್ಯಾಪಿಸಿರುವವನಿಗೆ ಗೆಲ್ಲತಕ್ಕ ದೇಶವಾವುದು? ಡಟನ್ನನು ಬಂದು ಹೆಸರಿಡುವನೆಂದು ಅವನು ಕಾದು ಕುಳಿತಿರಲಿಲ್ಲ. ನನ್ನ ಗೃಹಿಣಿಯ ನಮಸ್ಕಾರ ಸಲ್ಲುವುದಾದರೆ, ಅವಳಿಗಿಂತ ಸಾವಿರ ವರ್ಷ ಮೊದಲು ಆ ಕಂದರದಲ್ಲಿ ಬೇರೊಂದು ಭಾಷೆಯಲ್ಲಿ ಪ್ರಾರ್ಥಿಸಿದವರದೂ ಸಂದಿರಲೇಬೇಕು.

ಮೊಮ್ಮಗಳ ಪ್ರಶ್ನೆಗೆ ಉತ್ತರವನ್ನು ನಾನು ಕೊಡತಕ್ಕದ್ದಲ್ಲ. ಹವಸುಪಾಯಿ ಜನರೇ ಹೇಳತಕ್ಕದ್ದು. ಕಂದರದ ಒಂದು ಕವಲಿನೊಳಗೆ ಅವರ ಸುಪಾಯಿ ಗ್ರಾಮವು ಈಗಲೂ ಇದೆ. ಅಲ್ಲಿಗೆ ಬಂಡಿಯ ರಸ್ತೆಯಿಲ್ಲ. ಎಂಟು ಮೈಲಿ ಇಳಿದು ನಡೆಯಬೇಕು. "ದೊಡ್ಡವಳಾದ ಮೇಲೆ ನೀನೇ ಹೋಗಿ ಕೇಳಮ್ಮ" ಎಂದು ಅವಳಿಗೆ ಹೇಳಿ ಬಂದಿದ್ದೇನೆ.